ವೈನ್ ದ್ರಾಕ್ಷಿ ಹಚ್ಚುವ ಮೊದಲು ಕರಾರು ಓದಿರಿ

(ಗೊಳಸಂಗಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಮ್ಮೂರ ಹುಡುಗನೊಬ್ಬ ಬೆಂಗಳೂರಿನಿಂದ ಬಂದಿದ್ದ. ಕಂಪ್ಯೂಟರ್ ಕಂಪನಿಯೊಳಗ ನೌಕರಿ, ಕೈತುಂಬ ಪಗಾರ. “ಕಾಕಾ, ನೌಕರಿ ಬಿಡತೀನಿ. ಅಪ್ಪನ ನಾಕು ಎಕರೆಯೊಳಗ ವೈನ್ ದ್ರಾಕ್ಷಿ ಹಚ್ಚತೀನಿ. ನಾಶಿಕದಾಗ ಒಬ್ಬರು ಹಿಂಗ ಮಾಡಿ ಗೆದ್ದಾರ” ಅಂದ. ಅವನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ. ವೈನ್ ಕುಡಿಯಿರಿ ಎಂದಾಗಲಿ, ಬೇಡ ಎಂದಾಗಲಿ ಹೇಳಲು ನಾನು ನಿಂತಿಲ್ಲ. ನನ್ನ ಮಾತು ದರದ್ದು, ಸಾಲದ್ದು.

ಅವನು ಹೇಳಿದವರು ರಾಜೀವ ಸಾಮಂತ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಲಿತು, ಒರ್ಯಾಕಲ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ದುಡಿದವರು. 1990ರ ದಶಕದಲ್ಲಿ ನೌಕರಿ ಬಿಟ್ಟು ನಾಶಿಕ ಹತ್ತಿರದ ಮನೆತನದ ಹೊಲಕ್ಕೆ ಬಂದರು. ಮಾವು, ಗುಲಾಬಿ ಬೆಳೆದು ನೋಡಿದರು. ಆಮೇಲೆ ಕ್ಯಾಲಿಫೋರ್ನಿಯಾದ ವೈನ್ ತಜ್ಞ ಕೆರಿ ಡ್ಯಾಮ್ಸ್ಕಿ ಅವರ ಸಹಾಯ ಪಡೆದು 1997ರಲ್ಲಿ ವೈನಿನ ಜಾತಿಯ ಬಳ್ಳಿ ಹಚ್ಚಿದರು. 2000ದಲ್ಲಿ ‘ಸುಲಾ’ ವೈನ್ ಪೇಟೆಗೆ ಬಂತು. ತಾಯಿ ಸುಲಭಾ ಅವರ ಹೆಸರಿನಿಂದ ಬಂದ ಹೆಸರು ಅದು. 2022ರ ಡಿಸೆಂಬರಿನಲ್ಲಿ ಕಂಪನಿ ಶೇರು ಪೇಟೆಯನ್ನೂ ಮುಟ್ಟಿತು.

ಅವರ ಧೈರ್ಯ ದೊಡ್ಡದು, ಒಪ್ಪೋಣ. ಆದರ ಅವರು ಬರೇ ದ್ರಾಕ್ಷಿ ಬೆಳೆದು ಗೆಲ್ಲಲಿಲ್ಲ. ಕಾರ್ಖಾನೆ ಕಟ್ಟಿದರು, ಬಾಟ್ಲಿ ಮೇಲೆ ತಮ್ಮ ಹೆಸರು ಹಚ್ಚಿದರು, ದರ ತಾವೇ ಬರೆದರು. 750 ಮಿಲಿ ಲೀಟರಿನ ಒಂದು ಬಾಟ್ಲಿಗೆ ಸುಮಾರು ಒಂದು ಕಿಲೋ, ಮೇಲೆ ಸ್ವಲ್ಪ ದ್ರಾಕ್ಷಿ ಸಾಕು. ಕಿಲೋಕ್ಕೆ ನಮಗೆಷ್ಟು ಬಂತು, ಬಾಟ್ಲಿಗೆ ಪೇಟೆಯಲ್ಲಿ ಎಷ್ಟು ಬಂತು, ನೀವೇ ಲೆಕ್ಕ ಹಾಕಿರಿ.

ನಾವು ಥಾಮ್ಸನ್ ಬೆಳೆಯುವವರು. ಹಸಿ ಹಣ್ಣಿನ ದರ ಬಿದ್ದರೆ ಒಣಗಿಸಿ ಮಣೂಕ ಮಾಡ್ತೀವಿ, ಶೀತಗೃಹದೊಳಗ ಇಡ್ತೀವಿ, ತಾಸಗಾಂವಕ್ಕೆ ಒಯ್ತೀವಿ. ಒಂದು ವರ್ಷ ಅಕಾಲ ಮಳೆಗೆ ಸಿಕ್ಕು ನನ್ನ ಮಣೂಕ ಕಪ್ಪಾತು. ವ್ಯಾಪಾರಿ ಹೇಳಿದ್ದೇ ದರ, ಅವ ಹಿಡಿದದ್ದೇ ತೂಕ. ಆದರೂ ಮಾಲು ಹೋತು, ಬಡ್ಡಿಯಾದರೂ ಮುಟ್ಟಿತು. ಶಿರಾಜ್, ಕ್ಯಾಬರ್ನೆಗೆ ಆ ದಾರಿ ಇಲ್ಲ. ಸಣ್ಣ ಕಾಳು, ಬೀಜ, ದಪ್ಪ ಸಿಪ್ಪೆ. ಸಂತೆಯಲ್ಲಿ ಯಾರೂ ತಿನ್ನೂದಿಲ್ಲ. ಮೇಲಾಗಿ ಉತ್ತಮ ವೈನ್ ಬೇಕಾದರೆ ಗೊನೆ ಕಿತ್ತು ಇಳುವರಿ ಇಳಿಸಬೇಕು. ಇಳುವರಿ ಕಡಿಮೆ, ಕೊಳ್ಳುವವನೂ ಒಬ್ಬನೇ. ಅವನು ಬಾಗಿಲು ಹಾಕಿದರೆ ಹಣ್ಣು ಬಳ್ಳಿಯಲ್ಲೇ ಕೊಳೆಯಬೇಕು.

ಇದು ಬರೇ ಅಂಜಿಕೆಯ ಮಾತಲ್ಲ. ಮಹಾರಾಷ್ಟ್ರ 2001ರಲ್ಲಿ ವೈನ್ ನೀತಿ ತಂದಿತು, ಬಹಳ ರೈತರು ಹಚ್ಚಿದರು. 2008ರಲ್ಲಿ ಜಗತ್ತಿಗೆಲ್ಲ ಹಣದ ಮುಗ್ಗಟ್ಟು ಬಂತು, ಮುಂಬೈ ಮೇಲೆ ದಾಳಿಯಾಯಿತು, ಹೋಟೆಲುಗಳು ಖಾಲಿಯಾದವು. ವೈನ್ ಉಳಿಯಿತು, ಕೊಳ್ಳುವವರು ಹಿಂದೆ ಸರಿದರು. ರೈತರು ತಾವೇ ಹಚ್ಚಿದ ಬಳ್ಳಿಯನ್ನು ತಾವೇ ಕಿತ್ತು ಹಾಕಿದರು. ನಮ್ಮ ಸರಕಾರವೂ 2007ರಲ್ಲಿ ವೈನ್ ನೀತಿ ಮಾಡಿತು. ನೀತಿ ಇದ್ದ ಮಾತ್ರಕ್ಕೆ ದರ ಸಿಗುವುದಿಲ್ಲ ಎಂಬುದನ್ನು ನಾಶಿಕ ಕಡೆಯವರು ಕಲಿತರು, ನಾವು ಅವರನ್ನು ನೋಡಿ ಕಲಿಯೋಣ.

ಹಂಗಾದರ ಹಚ್ಚಬಾರದೇನು? ಹಚ್ಚಿರಿ, ಆದರೆ ಮೊದಲು ಕಾಗದ. ಎಷ್ಟು ವರ್ಷ ಕೊಳ್ಳುತ್ತಾರೆ, ಕನಿಷ್ಠ ದರ ಎಷ್ಟು, ಸಕ್ಕರೆ ಅಂಶವನ್ನು ನಮ್ಮೆದುರು ಅಳೆಯುತ್ತಾರೋ, ಎಷ್ಟು ದಿನಕ್ಕೆ ರೊಕ್ಕ, ಮಾಲು ಎತ್ತದಿದ್ದರೆ ಹಾನಿ ಯಾರದು, ಐದೂ ಬರಹದಲ್ಲಿರಬೇಕು. ಒಬ್ಬೊಬ್ಬರೇ ಸಹಿ ಮಾಡಬೇಡಿರಿ, ಹತ್ತು ಮಂದಿ ಕೂಡಿ ಹೋಗಿರಿ. ಬಳ್ಳಿ ಫಲ ಕೊಡಲು ಎರಡು ಮೂರು ವರ್ಷ ಬೇಕು. ಬ್ಯಾಂಕಿನ ಬಡ್ಡಿ ಮೊದಲ ದಿನದಿಂದಲೇ ಬೆಳೀತದ.

ಹುಡುಗ ಇನ್ನೂ ನೌಕರಿ ಬಿಟ್ಟಿಲ್ಲ. “ಕರಾರಿನ ಕಾಗದ ತರತೀನಿ ಕಾಕಾ” ಅಂದು ಹೋಗ್ಯಾನ. ತಂದ ದಿನ ಇದೇ ಕಟ್ಟೆ ಮೇಲೆ ಎಲ್ಲಾರೂ ಕೂತು ಓದೋಣ.