ಬಾವಿಯ ಮೇಲಿನ ಹಳೆಯ ಇಂಜಿನುಗಳು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನುಡಿಯ ಮಾತು ಬಿಟ್ಟು ಇಂಜಿನ್ನಿನ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ನಾವು ಬ್ಯಾಂಕಿನ ಗುಮಾಸ್ತರು, ಯಂತ್ರಶಾಸ್ತ್ರ ಬಲ್ಲವರಲ್ಲ. ಆದರೆ ಬಾರಾಮತಿಯ ಈ ಕಬ್ಬಿನ ಸೀಮೆಯಲ್ಲಿ ಕಾಲುವೆಯ ನೀರು ಏರದ ಹೊಲಗಳಿಗೆ ಬಾವಿಯಿಂದ ನೀರೆತ್ತಿದ್ದು ಮೊದಲು ಎತ್ತಿನ ಕಪಿಲೆ, ಆಮೇಲೆ ಎಣ್ಣೆಯ ಇಂಜಿನ್ನು, ಈಗ ವಿದ್ಯುತ್ತಿನ ಮೋಟಾರು. ನಡುವಿನದು ಕಣ್ಮರೆಯಾಗುತ್ತಿದೆ.

ಗ್ಯಾಸಿನಿಂದ ನಡೆಯುವ ಇಂಜಿನನ್ನು ಪ್ಯಾರಿಸಿನಲ್ಲಿ ಲೆನ್ವಾರ್ 1860ರಲ್ಲಿ ಮಾಡಿದನು. ಜರ್ಮನಿಯ ಆಟೊ 1876ರಲ್ಲಿ ಅದನ್ನು ನಾಲ್ಕು ಹೊಡೆತದ ಕ್ರಮಕ್ಕೆ ತಂದನು. ಬೀದಿದೀಪಕ್ಕೆ ಗ್ಯಾಸಿನ ಕೊಳವೆಯಿದ್ದ ಪಟ್ಟಣಗಳಲ್ಲಿ ಅದು ನಡೆಯಿತು. ನಮ್ಮ ಹಳ್ಳಿಗೆ ಕೊಳವೆಯೆಲ್ಲಿ ಬರಬೇಕು? ಡಬ್ಬಿಯಲ್ಲಿ ಹೊತ್ತೊಯ್ಯಬಹುದಾದ ಎಣ್ಣೆಯ ಇಂಜಿನ್ನೇ ನಮ್ಮ ಪಾಲಿಗೆ ಬಂದಿತು.

ಇದರಲ್ಲಿ ನಮ್ಮವರ ಪಾಲೂ ಉಂಟು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಅವರ ಮನೆತನದ ಎಣ್ಣೆ ಇಂಜಿನ್ನಿನ ಕಂಪನಿ ಪುಣೆಯಲ್ಲಿ ನೆಲೆಗೊಂಡದ್ದು 1946ರಲ್ಲಿ. ಆಗ ಇಂದಿನ ಗಡಿ ಇರಲಿಲ್ಲವೆನ್ನಿ!

ಗುಜರಿಗೆ ಇಲ್ಲಿಯವರು ‘ಭಂಗಾರ’ ಎನ್ನುತ್ತಾರೆ. ಹೊಸದಾಗಿ ಬಂದಾಗ ನಮ್ಮ ಕಿವಿಗೆ ಅದು ‘ಬಂಗಾರ’ವೆಂದೇ ಕೇಳುತ್ತಿತ್ತು. ನಗೆಯ ಮಾತು ಹಾಗಿರಲಿ. ವಿಜಾಪುರದ ಕಡೆಯ ನಮ್ಮ ಹೊಲದ ಇಂಜಿನನ್ನು ಭಂಗಾರಕ್ಕೆ ಕೊಟ್ಟವರು ನಾವೇ. ಸವಕಳಿ ಲೆಕ್ಕದಲ್ಲಿ ಅದರ ಬೆಲೆ ಎಂದೋ ಸೊನ್ನೆಯಾಗಿತ್ತು, ಬಿ.ಕಾಂ. ಓದಿದ ಬುದ್ಧಿ! ತೂಕದ ಚೀಟಿಯನ್ನೂ ನಾವೇ ಬರೆದೆವು. ನಾಮಫಲಕವನ್ನಾದರೂ ಬಿಚ್ಚಿಡಲಿಲ್ಲ. ಸಂಜೆ ತಂದೆಯವರು ಬರಿದಾದ ಕಟ್ಟೆಯ ಮೇಲೆ ಕುಳಿತು, “ಅದರ ಸಪ್ಪಳಾ ಕೇಳಿದ ಮ್ಯಾಲ ನಿಮ್ಮವ್ವ ಒಲಿ ಹೊತ್ತಸತಿದ್ಲಪಾ” ಎಂದರು. ಅಷ್ಟೇ. ಇಂದಿಗೂ ಅದಕ್ಕೆ ಉತ್ತರ ಕೊಡಲು ನಮ್ಮಿಂದಾಗಿಲ್ಲ.

ಬೆಂಗಳೂರಿನಲ್ಲಿ 1962ರಲ್ಲಿ ಪಂಡಿತ ನೆಹರೂ ಅವರು ಉದ್ಘಾಟಿಸಿದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಇಂಜಿನುಗಳಿಗೇ ಒಂದು ಅಂಗಣವಿದೆ. ಮಕ್ಕಳು ಕದಲದೆ ನಿಂತು ನೋಡುತ್ತಾರೆ. ಪುಣೆಯ ಕೇಳಕರ ಸಂಗ್ರಹಾಲಯವನ್ನಂತೂ ನೀವೆಲ್ಲ ಬಲ್ಲಿರಿ. ಅಡಕತ್ತರಿಗೆ, ದೀಪಕ್ಕೆ ಅಲ್ಲಿ ಮರ್ಯಾದೆ ಸಿಕ್ಕಿರುವಾಗ ನೀರೆತ್ತಿದ ಯಂತ್ರಕ್ಕೇಕೆ ಸಿಗಬಾರದು?

ಆದರೆ ಬಣ್ಣ ಬಳಿದು ಮೂಲೆಯಲ್ಲಿ ನಿಲ್ಲಿಸಿದರೆ ಸಾಲದು. ಫಲಕದ ಅಕ್ಷರದ ಮೇಲೆ ಬಣ್ಣ ಬೀಳಬಾರದು. ಸಿಲಿಂಡರಿನ ಸುತ್ತಲಿನ ನೀರನ್ನು ಪೂರ್ತಿ ಬಸಿದುಬಿಡಬೇಕು, ಇಲ್ಲವಾದರೆ ಒಳಗೇ ತುಕ್ಕು ತಿನ್ನುತ್ತದೆ. ಪಿಸ್ಟನ್ನು ಹಿಡಿದುಕೊಳ್ಳದಂತೆ ಎಣ್ಣೆ ಬಿಟ್ಟು, ಆಗಾಗ ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಬೇಕು. ವರ್ಷಕ್ಕೊಮ್ಮೆ ಬಯಲಿನಲ್ಲಿ, ಪಟ್ಟಾಕ್ಕೂ ಗಾಲಿಗೂ ಜಾಲರಿ ಕಟ್ಟಿ, ಬಲ್ಲ ಮಿಸ್ತ್ರಿಯಿಂದ ನಡೆಸಿ ತೋರಿಸಬೇಕು. ಆ ಸಪ್ಪಳವಿಲ್ಲದಿದ್ದರೆ ಅದು ಬರಿಯ ಕಬ್ಬಿಣ. ಯಾರ ಬಾವಿಯದು, ಹ್ಯಾಂಡಲ್ ಹೊಡೆದವರಾರು ಎಂಬುದನ್ನು ಪಕ್ಕದಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿಡಬೇಕು.

ನಮ್ಮ ಸಂಘ ಒಂದರಿಂದಲೇ ಆರಂಭಿಸಲಿ. ಊರಿನ ಹಟ್ಟಿಯಲ್ಲಿ ಅಂಥದು ಬಿದ್ದಿದ್ದರೆ, ಭಂಗಾರದವನ ತಕ್ಕಡಿ ಬರುವ ಮುಂಚೆ ನಮಗೆ ತಿಳಿಸಿರಿ. ಎರಡನೆಯ ಶನಿವಾರ ಬ್ಯಾಂಕಿಗೆ ರಜೆ. ಟೆಂಪೋ ಮಾಡಿಕೊಂಡು ನಾವೇ ಬರುತ್ತೇವೆ.