ನಾಪತ್ತೆಯಾದವರ ಪತ್ತೆ



ನಾವು ಎರಡು ಭಾಷೆಗಳ ನಡುವೆ ಬಾಳುವ ಮಂದಿ. ಮರಾಠಿಯಲ್ಲಿ ‘ಬೇಪತ್ತಾ’ ಎನ್ನುತ್ತಾರೆ, ಕನ್ನಡದಲ್ಲಿ ‘ನಾಪತ್ತೆ’ ಎನ್ನುತ್ತೇವೆ. ಮಾತು ಯಾವುದಾದರೂ ಮನೆಯೊಳಗಿನ ಸಂಕಟ ಒಂದೇ. ಸತ್ತವನಿಗೆ ಒಂದು ತಿಥಿ ಇರುತ್ತದೆ. ನಾಪತ್ತೆಯಾದವನಿಗೆ ತಿಥಿಯೂ ಇಲ್ಲ, ಗೋರಿಯೂ ಇಲ್ಲ. ಅವನ ಹೆಂಡತಿ ಕುಂಕುಮ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಊರು ತೀರ್ಪು ಕೊಡಲು ಹೊರಡುತ್ತದೆ. ಆ ಅಧಿಕಾರ ಊರಿಗೆ ಕೊಟ್ಟವರು ಯಾರೋ! ಏಳು ವರ್ಷ ಸುದ್ದಿ ಇಲ್ಲದವನನ್ನು ಕಾಯಿದೆ ಸತ್ತನೆಂದು ಭಾವಿಸುತ್ತದೆ. ತಾಯಿ ಭಾವಿಸುವುದಿಲ್ಲ. ಸಿದ್ಧರಾಮೇಶ್ವರರ ಗದ್ದುಗೆಗೆ, ಅಕ್ಕಲಕೋಟೆಯ ಸ್ವಾಮಿಗಳ ಸಮಾಧಿಗೆ ಹಣೆ ಹಚ್ಚಿ ಬರುವ ನಮಗೆ, ದೇಹ ಮಣ್ಣಾದ ಜಾಗದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧದಲ್ಲಿ ವಿಮಾನ ಹಾರಿಸಿದವರಿಗೆ ಈ ಗತಿ ಹೆಚ್ಚು. ಕಾಲಾಳು ಬಿದ್ದರೆ ಪಕ್ಕದವನು ನೋಡಿರುತ್ತಾನೆ. ವಿಮಾನ ಬೀಳುವುದು ಶತ್ರುವಿನ ನೆಲದಲ್ಲಿ, ಕಾಡಿನಲ್ಲಿ, ಇಲ್ಲವೆ ಹಿಮದಲ್ಲಿ.

ನಮ್ಮ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಸಂಗತಿ ಕೇಳಿ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ತುಕಡಿಯೊಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಿತು. ದೇವಯ್ಯ ಅವರ ವಿಮಾನ ಅಂದು ಮೀಸಲಿನಲ್ಲಿದ್ದದ್ದು. ಮತ್ತೊಂದರ ಜಾಗಕ್ಕೆ ಸೇರಿಕೊಂಡು ಹೋದರು. ತುಕಡಿ ಮರಳಿತು, ಅವರೊಬ್ಬರು ಮರಳಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ದಫ್ತರದಲ್ಲಿ ‘ನಾಪತ್ತೆ’ ಎಂದು ಬರೆದರು. ಮುಂದೆ ಸತ್ತರೆಂದು ಭಾವಿಸಿದರು.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಯುದ್ಧದ ಕುರಿತು ಪುಸ್ತಕ ಪ್ರಕಟಿಸಿದ. ಅಂದು ಅವರ ಒಂದು ಸ್ಟಾರ್‌ಫೈಟರ್ ಭಾರತದ ಮಿಸ್ಟೇರ್ ಜತೆ ಸೆಣಸಿ ಬಿದ್ದಿತೆಂದು ಅದರಲ್ಲಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಬದುಕಿಕೊಂಡಿದ್ದರು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಅದರ ಮುಂದೆ ಹಳೆಯ ಗಾಡಿ. ಹಾಗಾದರೆ ಆ ಮಿಸ್ಟೇರ್ ಯಾರದು? ನಮ್ಮ ವಾಯುಪಡೆಯವರು ತಮ್ಮ ದಫ್ತರ ತೆಗೆದು ನೋಡಿದರು. ಆ ತುಕಡಿಯಲ್ಲಿ ಮರಳದಿದ್ದದ್ದು ಒಂದೇ ವಿಮಾನ. 1988ರಲ್ಲಿ, ಇಪ್ಪತ್ಮೂರು ವರ್ಷಗಳ ಮೇಲೆ, ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ದೇಹ ಸಿಕ್ಕಿತ್ತೆಂದೂ ಅಲ್ಲಿಯ ಹಳ್ಳಿಗರೇ ಹೊಲದಲ್ಲಿ ಮಣ್ಣು ಮಾಡಿದರೆಂದೂ ಪಾಕಿಸ್ತಾನದ ಕಡೆಯವರ ಹೇಳಿಕೆ.

ಇಲ್ಲಿ ಗುರುತು ಹಿಡಿದದ್ದು ಎಲುಬಿನಿಂದಲ್ಲ, ಎದುರಾಳಿಯ ಸಾಕ್ಷಿಯಿಂದ. ಗಡಿಯ ಆಚೆಯವನು ಬಾಯಿ ಬಿಡದಿದ್ದರೆ ಈಚೆಯ ಮನೆಗೆ ಸತ್ಯ ಬರುತ್ತಲೇ ಇರಲಿಲ್ಲ. ನಮ್ಮದೂ ಗಡಿಯೇ, ಆದರೆ ಬೆಳಿಗ್ಗೆ ದಾಟಿ ಸಂಜೆ ಮರಳುವಂಥದು. ಸರ್ಗೋಧಾ ಗಡಿ ಹಾಗಲ್ಲ.

ಎಲುಬಿನ ಗುರುತಿನ ಕತೆ ಅರುಣಾಚಲದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಆಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಂಜಾಮು ಸಾಗಿಸುತ್ತಿದ್ದವು. 1944ರ ಜನವರಿ 25ರಂದು ಎಂಟು ಮಂದಿ ಇದ್ದ ಬಾಂಬರ್ ಒಂದು ಚೀನಾದ ಕುನ್ಮಿಂಗ್‌ನಿಂದ ಆಸಾಮಿನ ಚಬುವಾಕ್ಕೆ ಹೊರಟದ್ದು ತಲುಪಲಿಲ್ಲ. ಅದರ ಅವಶೇಷ ಕಾಡುಬೆಟ್ಟದಲ್ಲಿ ಪತ್ತೆಯಾದದ್ದು 2006ರಲ್ಲಿ. 2015ರಲ್ಲಿ ಅಗೆದು ಸೋಸಿದರು. 2016ರ ಏಪ್ರಿಲ್‌ನಲ್ಲಿ ಸಿಕ್ಕ ಅವಶೇಷಗಳು ದಿಲ್ಲಿಯಿಂದ ಅಮೆರಿಕಕ್ಕೆ ಹೋದವು. ಮರುವರ್ಷ ರಾಬರ್ಟ್ ಆಕ್ಸ್‌ಫರ್ಡ್ ಎಂಬ ಲೆಫ್ಟಿನೆಂಟನನ್ನು ಗುರುತಿಸಿ ಜಾರ್ಜಿಯಾ ರಾಜ್ಯದ ಅವನ ಊರಿನಲ್ಲಿ ಮಣ್ಣು ಮಾಡಿದರು. ಎಪ್ಪತ್ಮೂರು ವರ್ಷವಾಗಿತ್ತು!

ಈ ಕೆಲಸ ಹೇಗೆ ನಡೆಯುತ್ತದೆ? ಮೊದಲು ವಿಮಾನದ ಗುರುತು. ಬಾಲದ ಮೇಲಿನ, ಯಂತ್ರದ ಮೇಲಿನ ಸಂಖ್ಯೆ ಸಿಕ್ಕರೆ ಅದರಲ್ಲಿ ಯಾರು ಯಾರು ಕುಳಿತಿದ್ದರೆಂದು ದಫ್ತರ ಹೇಳುತ್ತದೆ. ಮಣ್ಣನ್ನು ಜರಡಿ ಹಿಡಿಯುತ್ತಾರೆ, ನಮ್ಮ ಕಣದಲ್ಲಿ ಜೋಳ ಸೋಸಿದ ಹಾಗೆ. ಒಂದು ಗುಂಡಿ, ಒಂದು ಹಲ್ಲು, ಕೊರಳಿಗೆ ಹಾಕಿದ ಹೆಸರಿನ ಬಿಲ್ಲೆ, ಯಾವುದೂ ತಪ್ಪಬಾರದು. ಹಲ್ಲನ್ನು ಪಡೆಯ ದಂತವೈದ್ಯರ ಹಳೆಯ ಚೀಟಿಗೆ ಹೋಲಿಸುತ್ತಾರೆ. ಕೊನೆಗೆ ಡಿ.ಎನ್.ಎ.

ಇದೊಂದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ನಮ್ಮ ಜೀವಕೋಶದಲ್ಲಿ ಎರಡು ಬಗೆಯ ಡಿ.ಎನ್.ಎ. ಇದೆ. ಒಂದು ತಂದೆತಾಯಿ ಇಬ್ಬರಿಂದಲೂ ಬಂದದ್ದು. ಅದು ಹಳೆಯ ಎಲುಬಿನಲ್ಲಿ ಬೇಗ ಕೆಡುತ್ತದೆ. ಇನ್ನೊಂದು ಮೈಟೊಕಾಂಡ್ರಿಯಾದ್ದು, ಪ್ರತಿ ಕೋಶದಲ್ಲಿ ನೂರಾರು ಪ್ರತಿಗಳಿರುವುದರಿಂದ ಹಲವು ದಶಕ ಕಳೆದರೂ ಒಂದಿಷ್ಟು ಉಳಿದಿರುತ್ತದೆ. ಅದು ಬರುವುದು ತಾಯಿಯಿಂದ ಮಾತ್ರ. ಆದ್ದರಿಂದ ಕಾಣೆಯಾದವನ ಸ್ವಂತ ಮಗನ ರಕ್ತ ಈ ಪರೀಕ್ಷೆಗೆ ಬರುವುದಿಲ್ಲ, ಅವನ ಅಕ್ಕತಂಗಿಯರ ಮಕ್ಕಳ ರಕ್ತ ಬರುತ್ತದೆ. ಸೋದರಮಾವನನ್ನು ಗುರುತಿಸಬಲ್ಲವನು ಸೋದರಳಿಯ! ಮದುವೆಯಲ್ಲಿ ಸೋದರಮಾವ ಇಲ್ಲದೆ ಕೆಲಸ ಸಾಗದ ನಮ್ಮ ಕಡೆಯವರಿಗೆ ಇದು ವಿಚಿತ್ರವಾಗಿ ಕಾಣಲಾರದು. ಆದರೆ ಒಂದೇ ತಾಯಿಬಳ್ಳಿಯವರೆಲ್ಲರಲ್ಲೂ ಅದು ಒಂದೇ ಆಗಿರುತ್ತದೆ. ಆದ್ದರಿಂದ ಅದೊಂದನ್ನೇ ನೆಚ್ಚದೆ ಹಲ್ಲು, ಎತ್ತರ, ಸಿಕ್ಕ ಜಾಗ ಎಲ್ಲವನ್ನೂ ತಾಳೆ ನೋಡುತ್ತಾರೆ.

ಪಡೆಗೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮಲ್ಲೂ ಇವೆ. ಅವರಿಗೊಂದು ಮಾತು. ಟ್ರಂಕಿನಲ್ಲಿರುವ ಹಳೆಯ ಪತ್ರ, ಪಡೆಯ ನಂಬರು, ಫೋಟೋ ಇವನ್ನು ರದ್ದಿಗೆ ಹಾಕಬೇಡಿ. ಸಣ್ಣ ಕಾಗದವೊಂದು ಏನು ಮಾಡುತ್ತದೆಂಬುದಕ್ಕೆ ಉದಾಹರಣೆ ಇದೆ. ಯುದ್ಧಕಾಲದ್ದಲ್ಲ, ಆದರೂ ಹೇಳುತ್ತೇನೆ.

1968ರ ಫೆಬ್ರುವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎ.ಎನ್.-12 ವಿಮಾನ 102 ಮಂದಿಯೊಡನೆ ಕಾಣೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಲಾಹೌಲ್ ಕಡೆಯ ಢಾಕಾ ಹಿಮನದಿಯಲ್ಲಿ ಅದರ ಚೂರುಗಳು ಕಂಡವು. ಹಿಮನದಿ ನಿಂತಂತೆ ಕಂಡರೂ ಮೆಲ್ಲಗೆ ಕೆಳಕ್ಕೆ ಸರಿಯುತ್ತದೆ. ತಾನು ನುಂಗಿದ್ದನ್ನು ಎಂದೋ ಒಂದು ದಿನ ಹೊರಗೆ ಹಾಕುತ್ತದೆ. 2013ರಲ್ಲಿ ಸಿಕ್ಕ ಒಬ್ಬ ಹವಾಲ್ದಾರರ ಗುರುತು ಹತ್ತಿದ್ದು ಬಿಲ್ಲೆ, ವಿಮಾ ಕಾಗದ ಮತ್ತು ಮನೆಯಿಂದ ಬಂದಿದ್ದ ಪತ್ರದಿಂದ. 2024ರ ಸೆಪ್ಟೆಂಬರ್ ಕೊನೆಗೆ ಇನ್ನೂ ನಾಲ್ಕು ದೇಹ ಸಿಕ್ಕವು. ಇಷ್ಟಾದರೂ 102ರಲ್ಲಿ ಸಿಕ್ಕವರು ಹತ್ತರೊಳಗೇ.

ಆ ನಾಲ್ವರಲ್ಲಿ ಒಬ್ಬರು ವಾಯುಪಡೆಯ ಮಲ್ಖಾನ್ ಸಿಂಗ್. ಜೇಬಿನಲ್ಲಿದ್ದ ಚೀಟಿಯಿಂದ ಗುರುತು ಸಿಕ್ಕಿತು. ದೇಹ ಉತ್ತರ ಪ್ರದೇಶದ ಸಹಾರನ್‌ಪುರ ಜಿಲ್ಲೆಯ ಊರಿಗೆ ಬರುವ ಹೊತ್ತಿಗೆ ಹೆಂಡತಿಯೂ ಇರಲಿಲ್ಲ, ಮಗನೂ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಹೋದ ಆ ಅಜ್ಜನ ಚಿತೆಗೆ, ಅವರನ್ನು ಎಂದೂ ಕಾಣದ ಮೊಮ್ಮಗ ಬೆಂಕಿ ಇಟ್ಟ.