ಆದಾಯದ ಲೆಕ್ಕ, ಬದುಕಿನ ಲೆಕ್ಕ
ತಲಾ ಆದಾಯ ಹೆಚ್ಚಿರುವ ರಾಜ್ಯವೇ ಬದುಕಲು ಒಳ್ಳೆಯ ರಾಜ್ಯ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಹರಿಯಾಣದ ತಲಾ ಆದಾಯ ಕೇರಳದ್ದಕ್ಕಿಂತ ಹೆಚ್ಚು. ಆದರೆ 2020ರ ಮಾದರಿ ನೋಂದಣಿ ಸಮೀಕ್ಷೆಯಂತೆ, ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವು ಹರಿಯಾಣದಲ್ಲಿ 28, ಕೇರಳದಲ್ಲಿ 6. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ಹರಿಯಾಣದಲ್ಲಿದ್ದ ಹೆಂಗಸರು 879, ಕೇರಳದಲ್ಲಿ 1084. ಹೆಣ್ಣುಮಗು ಹುಟ್ಟುವುದಕ್ಕೇ ಅಡ್ಡಿಯಿರುವಲ್ಲಿ ಆ ಸಿರಿತನ ಯಾರದ್ದು? ಸರಾಸರಿ ಎಂಬ ಅಂಕಿ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಮ್ಮಲ್ಲೂ ಬೆಂಗಳೂರಿನ ಗಳಿಕೆ ಇಡೀ ಕರ್ನಾಟಕದ ಸರಾಸರಿಯನ್ನು ಮೇಲೆತ್ತುತ್ತದೆ. ಅದರಿಂದ ಯಾದಗಿರಿಯ ಹಳ್ಳಿಯೊಂದರ ಬಾಣಂತಿಗೆ ಹತ್ತಿರದಲ್ಲಿ ವೈದ್ಯರು ಸಿಕ್ಕಂತಾಗುವುದಿಲ್ಲ.

ಕೇರಳ ನಿಂತಿರುವುದೇ ಕೊಲ್ಲಿ ದೇಶಗಳ ಹಣದ ಮೇಲಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಹಣದ ಪಾಲು ದೊಡ್ಡದು, ನಿಜ. ಆದರೆ 1970ರ ದಶಕದ ಆರಂಭದಲ್ಲಿ, ಆ ಹಣ ದೊಡ್ಡ ಪ್ರಮಾಣದಲ್ಲಿ ಹರಿದು ಬರುವ ಮೊದಲೇ, ಕೇರಳದ ಆದಾಯ ದೇಶದ ಸರಾಸರಿಗಿಂತ ಕೆಳಗಿದ್ದಾಗಲೂ ಅಲ್ಲಿನ ಶಿಶುಮರಣ ದೇಶದ ಸರಾಸರಿಗಿಂತ ಕಡಿಮೆಯಿತ್ತು. ಶಿಕ್ಷಣಕ್ಕೂ ಅಲ್ಲಿ ಹಳೆಯ ಬೇರಿದೆ: ಶಾಲೆಯ ಖರ್ಚು ರಾಜ್ಯದ್ದು ಎಂದು, ಇಂದು ಬಹುಪಾಲು ಕೇರಳದಲ್ಲಿರುವ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ 1817ರಲ್ಲೇ ಸಾರಿದ್ದರು. ಹಾಗೆಂದು ಆದಾಯ ಬೇಡವೆಂದಲ್ಲ. ತೆರಿಗೆ ಬಾರದೆ ಆಸ್ಪತ್ರೆ ನಡೆಯದು, ಕೆಲಸ ಸಿಗದ ಯುವಕರು ಊರು ಬಿಡುವುದು ಕೇರಳಕ್ಕೂ ನೋವಿನ ಸಂಗತಿಯೇ. ಬಜೆಟ್ ಮಂಡನೆಯ ದಿನ ಬೆಳವಣಿಗೆಯ ಶೇಕಡಾವಾರು ಓದುವವರನ್ನು, ನಮ್ಮ ಜಿಲ್ಲೆಯ ಶಿಶುಮರಣ ಎಷ್ಟು ಇಳಿಯಿತು ಎಂದೂ ನಾವು ಕೇಳಬೇಕು.